7 ಸೆಕೆಂಡಿನ ಪರೀಕ್ಷೆ

ಮುಂದಿನ ಭಾನುವಾರ, ಅಂದ್ರೆ ಮಾರ್ಚ್ 17ಕ್ಕೆ, 2019ರ ಫಾರ್ಮುಲಾ ಒನ್ ಸೀಸನ್ ಶುರು. ಮೊದಲ ರೇಸ್ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ಆಲ್ಬರ್ಟ್ ಪಾರ್ಕ್ ಅನ್ನೋ ಕೆರೆ ಸುತ್ತಲಿನ ರಸ್ತೆಗಳ ಮೇಲೆ. ಒಂದು ಸುತ್ತು 5.303 ಕಿಲೋಮೀಟರ್, ಒಟ್ಟು 58 ಸುತ್ತು. ನಮ್ಮ ಟೈಮಿಗೆ ಬೆಳಗ್ಗೆ 10:40. ಹಾಸ್ಟೆಲಲ್ಲಿ ಆ ಹೊತ್ತಿಗೆ ಒಂದು ಕಡೆ ತಿಂಡಿ ಮುಗಿದಿರುತ್ತೆ, ಇನ್ನೊಂದು ಕಡೆ ಬಟ್ಟೆ ಒಗೆಯೋಕೆ ಬಕೆಟ್ ಕ್ಯೂ ಶುರುವಾಗಿರುತ್ತೆ. ನಾವು ನಾಲ್ಕು ಜನ ಮಾತ್ರ ಒಂದೇ ಲ್ಯಾಪ್‌ಟಾಪ್ ಮುಂದೆ ಹಾಟ್‌ಸ್ಟಾರ್ ಹಚ್ಚಿಕೊಂಡು ಕೂತಿರ್ತೀವಿ, ವೈಫೈ ಕೈ ಕೊಡದಿದ್ರೆ.

ಕ್ಲಾಸಲ್ಲಿ ರೇಸ್ ನೋಡೋರೆಲ್ಲ ಕೇಳ್ತಿರೋದು ಒಂದೇ ಪ್ರಶ್ನೆ: ಈ ವರ್ಷ ಹ್ಯಾಮಿಲ್ಟನ್ನಾ, ವೆಟ್ಟೆಲ್ಲಾ? ಫೆರಾರಿಗೆ ಹೊಸದಾಗಿ ಬಂದಿರೋ ಲೆಕ್ಲೇರ್ ಏನ್ಮಾಡ್ತಾನೆ? ನಮ್ಮ ಕಣ್ಣು ಮಾತ್ರ ಬೇರೆ ಕಾರಿನ ಮೇಲಿದೆ. ಅದು ವಿಲಿಯಮ್ಸ್ ತಂಡದ 88ನೇ ನಂಬರ್ ಕಾರು. ಕಳೆದ ವರ್ಷ ಈ ತಂಡ ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗಿತ್ತು. ಈ ವರ್ಷ ಬಾರ್ಸಿಲೋನಾದ ಟೆಸ್ಟಿಂಗ್‌ಗೆ ಕಾರೇ ಟೈಮಿಗೆ ಸರಿಯಾಗಿ ರೆಡಿಯಾಗಲಿಲ್ಲ, ಎರಡೂವರೆ ದಿನ ಹಾಗೇ ಹೋಯ್ತು. ಆಮೇಲೆ ಓಡಿದಾಗಲೂ ಹಿಂದೇ ಇತ್ತು. ಅಸೈನ್‌ಮೆಂಟ್ ಲೇಟಾಗಿ ಕೊಡೋ ನಮಗೆ ಇದು ಹೊಸದೇನಲ್ಲ ಬಿಡಿ.

ಆ ಕಾರಲ್ಲಿ ಕೂರೋನು ರಾಬರ್ಟ್ ಕುಬಿತ್ಸಾ. ಪೋಲೆಂಡ್‌ನವನು, ವಯಸ್ಸು 34. ಇಂಗ್ಲಿಷಲ್ಲಿ ಬರೆದಿರೋದನ್ನ ಓದಿಕೊಂಡು ನಾವು ತುಂಬಾ ದಿನ ಕುಬಿಕಾ ಅಂತಿದ್ವಿ. ಅವನು ಹಿಂದಿನ ಸಲ ಫಾರ್ಮುಲಾ ಒನ್ ರೇಸಿನಲ್ಲಿ ಓಡಿದ್ದು 2010ರ ನವೆಂಬರಲ್ಲಿ, ಅಬುಧಾಬಿಯಲ್ಲಿ. ಆಗ ನಾವೆಲ್ಲ ಪ್ರೈಮರಿ ಸ್ಕೂಲು.

ಮಧ್ಯದ ಎಂಟು ವರ್ಷ ಏನಾಯ್ತು? 2011ರ ಫೆಬ್ರವರಿ 6ರಂದು, ಸೀಸನ್ ಶುರುವಾಗೋಕೆ ಮುಂಚೆ, ಇಟಲಿಯಲ್ಲಿ ಒಂದು ಚಿಕ್ಕ ರ‍್ಯಾಲಿಗೆ ಹೋದ. ಸ್ಕೋಡಾ ಫಾಬಿಯಾ ಕಾರು. ರಸ್ತೆ ಪಕ್ಕದ ಲೋಹದ ತಡೆಗೋಡೆಗೆ ಹೊಡೀತು. ತಡೆಗೋಡೆ ಬಗ್ಗಲಿಲ್ಲ, ಕಾರಿನ ಒಳಗೇ ನುಗ್ಗಿತು. ಬಲಗೈ ಅರ್ಧ ತುಂಡಾದಂತಾಗಿತ್ತು. ಡಾಕ್ಟರುಗಳು ಗಂಟೆಗಟ್ಟಲೆ ಆಪರೇಷನ್ ಮಾಡಿ ಕೈ ಉಳಿಸಿದರು. ಅದಾಗಿ ಒಂದು ವರ್ಷಕ್ಕೆ ಮಂಜಿನ ಮೇಲೆ ಜಾರಿಬಿದ್ದು ಅದೇ ಬಲಗಾಲನ್ನ ಮತ್ತೆ ಮುರಿದುಕೊಂಡ. ಇಲ್ಲಿಗೆ ಕಥೆ ಮುಗೀತು ಅಂತ ಎಲ್ಲರೂ ಅಂದ್ಕೊಂಡಿದ್ರು. 2012ರಲ್ಲಿ ಮತ್ತೆ ರ‍್ಯಾಲಿ ಕಾರು ಹತ್ತಿದ, 2013ರಲ್ಲಿ ಡಬ್ಲ್ಯೂಆರ್‌ಸಿ-2 ಚಾಂಪಿಯನ್ ಆದ. 2017ರ ಆಗಸ್ಟಲ್ಲಿ ಹಂಗೇರಿಯ ಟೆಸ್ಟಿನಲ್ಲಿ ರೆನೋ ಕಾರನ್ನ ಒಂದೇ ದಿನ 142 ಸುತ್ತು ಓಡಿಸಿದ. ಆಗಸ್ಟ್ ಬಿಸಿಲಲ್ಲಿ ಎರಡು ರೇಸಿನಷ್ಟು ದೂರ!

ಇದನ್ನ ಸಿನಿಮಾ ಥರ ಹೇಳೋದು ಸುಲಭ. ಬಿದ್ದ, ಎದ್ದ, ಗೆದ್ದ, ಹಿನ್ನೆಲೆಯಲ್ಲಿ ಮ್ಯೂಸಿಕ್. ನಮಗೂ ಮೊದಮೊದಲು ಹಾಗೇ ಅನ್ನಿಸ್ತಿತ್ತು. ಆದ್ರೆ ರೇಸ್ ಹತ್ತಿರ ಬಂದ ಹಾಗೆ ನಮ್ಮ ರೂಮಲ್ಲಿ ಬೇರೆ ಪ್ರಶ್ನೆ ಓಡಾಡ್ತಿದೆ. ಗಾಯ ಆದವನು ಈಗ ರೆಡಿ ಅಂತ ಹೇಳೋರು ಯಾರು? ಅವನೇನಾ? ತಂಡದವರಾ? ಡಾಕ್ಟರಾ? ಇಲ್ಲ, ಚಪ್ಪಾಳೆ ಹೊಡೆಯೋಕೆ ಕಾಯ್ತಿರೋ ನಾವಾ?

ಈ ಪ್ರಶ್ನೆಗೆ ಕುಬಿತ್ಸಾ ಬದುಕಲ್ಲೇ ಒಂದು ಉತ್ತರ ಇದೆ. 2007ರ ಜೂನಲ್ಲಿ ಕೆನಡಾದ ಮಾಂಟ್ರಿಯಲ್ ರೇಸಿನಲ್ಲಿ ಅವನ ಬಿಎಂಡಬ್ಲ್ಯೂ ಕಾರು ಗೋಡೆಗೆ ಅಪ್ಪಳಿಸಿ ಪುಡಿಪುಡಿಯಾಯ್ತು. ಆ ಹೊಡೆತ ಗರಿಷ್ಠ 75 ಜಿ. ಅಂದ್ರೆ ಒಂದು ಕ್ಷಣ ಅವನ 5 ಕೆಜಿ ತಲೆ 375 ಕೆಜಿ ಆದಂತೆ. ಎಂಜಿನಿಯರಿಂಗ್ ಮೆಕ್ಯಾನಿಕ್ಸ್ ಓದಿದವರು ಒಂದ್ಸಲ ಲೆಕ್ಕ ಮಾಡಿ ನೋಡಿ, ಹೊಟ್ಟೆ ತೊಳಸುತ್ತೆ. ಆದ್ರೂ ಕಾರಿನ ಗಟ್ಟಿ ಕಾರ್ಬನ್ ಫೈಬರ್ ಗೂಡಿನಿಂದಾಗಿ ಕಾಲು ಉಳುಕಿದ್ದು, ತಲೆಗೆ ಪೆಟ್ಟಾಗಿದ್ದು ಇಷ್ಟೇ. ಮುಂದಿನ ವಾರವೇ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ರೇಸ್. ಅವನು ಓಡಿಸೋಕೆ ತಯಾರಿದ್ದ. ಡಾಕ್ಟರುಗಳು ಬೇಡ ಅಂದ್ರು. ತಲೆಗೆ ಒಂದು ಪೆಟ್ಟು ಬಿದ್ದು ವಾಸಿಯಾಗೋಕೆ ಮುಂಚೆ ಇನ್ನೊಂದು ಬಿದ್ರೆ ಗತಿಯೇನು ಅನ್ನೋದು ಅವರ ಚಿಂತೆ. ಅವತ್ತು ಅವನ ಜಾಗದಲ್ಲಿ ಒಬ್ಬ 19 ವರ್ಷದ ಹುಡುಗ ಓಡಿಸಿ ಎಂಟನೇ ಸ್ಥಾನ ತಗೊಂಡ. ಆ ಹುಡುಗನ ಹೆಸರು ಸೆಬಾಸ್ಟಿಯನ್ ವೆಟ್ಟೆಲ್. ಕುಬಿತ್ಸಾ ಮುಂದಿನ ರೇಸಿಗೆ ಫ್ರಾನ್ಸಲ್ಲಿ ವಾಪಸ್ ಬಂದು ನಾಲ್ಕನೆಯವನಾದ. ಮರುವರ್ಷ ಅದೇ ಮಾಂಟ್ರಿಯಲಲ್ಲಿ ಗೆದ್ದ. ಅವನ ಇಡೀ ಫಾರ್ಮುಲಾ ಒನ್ ಬದುಕಲ್ಲಿ ಅದೊಂದೇ ಗೆಲುವು.

ಅಂದ್ರೆ ಅವತ್ತು ಬೇಡ ಅಂದ ಡಾಕ್ಟರೂ ಆ ಗೆಲುವಿನಲ್ಲಿ ಪಾಲುದಾರರೇ ಅಲ್ವಾ? ಯಾವ ಪೋಸ್ಟರಲ್ಲೂ ಅವರ ಫೋಟೋ ಇರಲ್ಲ ಅಷ್ಟೇ.

ಫಾರ್ಮುಲಾ ಒನ್ನಲ್ಲಿ ಇನ್ನೊಂದು ನಿಯಮ ಇದೆ, ನಮಗೆ ತುಂಬಾ ಇಷ್ಟವಾದದ್ದು. ಡ್ರೈವರ್ ಬೆಲ್ಟ್ ಬಿಚ್ಚಿ, ಸ್ಟೀರಿಂಗ್ ತೆಗೆದು, 7 ಸೆಕೆಂಡಿನಲ್ಲಿ ಕಾರಿಂದ ಹೊರಗೆ ಬರಬೇಕು. ಯಾರ ಸಹಾಯವೂ ಇಲ್ಲದೆ. ಮೊದಲು 5 ಸೆಕೆಂಡ್ ಇತ್ತು. ಕಳೆದ ವರ್ಷ ತಲೆ ಮೇಲೆ ಹ್ಯಾಲೊ ಅನ್ನೋ ಟೈಟಾನಿಯಂ ಕಮಾನು ಬಂದ ಮೇಲೆ 7 ಮಾಡಿದರು. ಗಮನಿಸಿ, ಈ ಪರೀಕ್ಷೆ ನೀನೆಷ್ಟು ಫಾಸ್ಟ್ ಅಂತ ಕೇಳಲ್ಲ. ನಿನಗೆಷ್ಟು ಧೈರ್ಯ ಅಂತಲೂ ಕೇಳಲ್ಲ. ಬೆಂಕಿ ಹತ್ತಿಕೊಂಡ್ರೆ ಹೊರಗೆ ಬರ್ತೀಯಾ, ಇಷ್ಟೇ ಅದರ ಪ್ರಶ್ನೆ. ಬಲಗೈ ಅರ್ಧ ಕೆಲಸ ಮಾಡೋ ಕುಬಿತ್ಸಾಗೂ ಅದೇ ಸ್ಟಾಪ್‌ವಾಚ್. ಗ್ರೇಸ್ ಮಾರ್ಕ್ಸ್ ಇಲ್ಲ.

ಹಾಗಂತ ಅವನಿಗೆ ತಕ್ಕ ಹಾಗೆ ಕಾರಲ್ಲಿ ಏನೂ ಬದಲಾಯಿಸಿಲ್ಲ ಅಂತಲ್ಲ. ಸಾಮಾನ್ಯವಾಗಿ ಸ್ಟೀರಿಂಗ್ ಹಿಂದೆ ಬಲಗಡೆಯ ಪ್ಯಾಡಲ್ ಗೇರ್ ಏರಿಸೋಕೆ, ಎಡಗಡೆಯದು ಇಳಿಸೋಕೆ. ಅವನಿಗೆ ಎರಡೂ ಕೆಲಸ ಎಡಗೈಯಲ್ಲೇ ಆಗೋ ಹಾಗೆ ಮಾಡಿಕೊಟ್ಟಿದ್ದಾರೆ. ತಿರುಗಿಸೋ ಹೆಚ್ಚಿನ ಕೆಲಸವೂ ಎಡಗೈದೇ. ನಮ್ಮ ಪ್ರಕಾರ ಇದು ರಿಯಾಯಿತಿ ಅಲ್ಲ, ಡಿಸೈನ್. ಯಂತ್ರವನ್ನ ಮನುಷ್ಯನಿಗೆ ಹೊಂದಿಸಬಹುದು, ಹೊಂದಿಸಬೇಕು. ಹೊರಗೆ ಬರೋ ಸಮಯವನ್ನ ಮಾತ್ರ ಹೊಂದಿಸೋಕಾಗಲ್ಲ, ಯಾಕಂದ್ರೆ ಬೆಂಕಿಗೆ ನಮ್ಮ ಕಷ್ಟ ಗೊತ್ತಾಗಲ್ಲ.

ಇದು ದೂರದ ಮಾತಲ್ಲ. ನಮ್ಮ ಕಾಲೇಜಿನ ಫಾರ್ಮುಲಾ ಸ್ಟೂಡೆಂಟ್ ತಂಡದಲ್ಲಿ ನಾವು ನಾಲ್ವರೂ ಇದ್ದೀವಿ. ಎರಡನೇ ವರ್ಷದವರು ಅಂದ್ಮೇಲೆ ಗೊತ್ತಲ್ಲ, ಗ್ರೈಂಡಿಂಗ್, ಪೇಂಟಿಂಗ್, ಟೀ ತರೋದು. ನಮ್ಮ ಬ್ಯಾಚಿನವನೇ ಒಬ್ಬ ತಂಡದ ಡ್ರೈವರ್. ಜನವರಿಯಲ್ಲಿ ಫುಟ್‌ಬಾಲ್ ಆಡೋವಾಗ ಬಿದ್ದು ಬಲಗೈ ಮಣಿಕಟ್ಟು ಮುರೀತು. ಪ್ಲಾಸ್ಟರ್ ತೆಗೆದು ಈಗ ಎರಡು ವಾರ. ಏಪ್ರಿಲಲ್ಲಿ ನಮಗೆ ಟ್ರ್ಯಾಕಲ್ಲಿ ಓಡಿಸೋ ದಿನ ಇದೆ. ಅವನು ಬಿಟ್ರೆ ಕಾರನ್ನ ಸರಿಯಾಗಿ ಓಡಿಸಿ ಗೊತ್ತಿರೋರು ಇನ್ನೊಬ್ಬರೇ, ಅವರು ಫೈನಲ್ ಇಯರ್, ಪ್ರಾಜೆಕ್ಟು, ಪ್ಲೇಸ್‌ಮೆಂಟು ಅಂತ ಓಡಾಟದಲ್ಲಿದ್ದಾರೆ.

"ಏನಿಲ್ಲ ಮಗಾ, ಟೇಪ್ ಸುತ್ಕೊಂಡು ಓಡಿಸ್ತೀನಿ, ಕುಬಿತ್ಸಾ ಓಡಿಸಲ್ವಾ?" ಅಂದ ಅವನು.

ಅವರಮ್ಮ ಫೋನಲ್ಲಿ ಹೇಳಿದ್ದು ಬೇರೆ. "ಮೊದ್ಲು ಅನ್ನ ಕಲಸೋ ಹಾಗಾಗ್ಲಿ ಕೈ. ಆಮೇಲೆ ಗಾಡಿ."

ನಮ್ಮ ಸ್ಪರ್ಧೆಯ ನಿಯಮದಲ್ಲೂ ಡ್ರೈವರ್ 5 ಸೆಕೆಂಡಿನೊಳಗೆ ಕಾರಿಂದ ಹೊರಗೆ ಬರಬೇಕು. ಹಾಗಾಗಿ ವಾದ ಮಾಡೋದು ಬಿಟ್ಟು, ವರ್ಕ್‌ಶಾಪಲ್ಲಿ ನಿಂತಿದ್ದ ಕಾರಲ್ಲಿ ಅವನನ್ನ ಕೂರಿಸಿ, ಬೆಲ್ಟ್ ಹಾಕಿ, ಫೋನಲ್ಲಿ ಸ್ಟಾಪ್‌ವಾಚ್ ಹಿಡಿದ್ವಿ. ಮೊದಲ ಸಲ 8 ಸೆಕೆಂಡ್ ದಾಟಿತು. ಬಲಗೈ ಊರಿ ಮೇಲೇಳೋ ಜಾಗದಲ್ಲಿ ಒಂದು ಕ್ಷಣ ನಿಂತ. ಮುಖದಲ್ಲಿ ಗೊತ್ತಾಯ್ತು. "ಇನ್ನೊಂದ್ಸಲ" ಅಂದ. 7. "ಇನ್ನೊಂದ್ಸಲ." ಮತ್ತೆ 7. ಆಮೇಲೆ ಅವನೇ ಬೆಲ್ಟ್ ಮಡಚಿಟ್ಟು ಹೊರಗೆ ಹೋಗಿ ಕಟ್ಟೆ ಮೇಲೆ ಕೂತ. ನಮ್ಮಲ್ಲಿ ಯಾರೂ ಏನೂ ಹೇಳಲಿಲ್ಲ. ಹೇಳೋಕೇನಿತ್ತು, ಸ್ಟಾಪ್‌ವಾಚೇ ಹೇಳಿತ್ತಲ್ಲ.

ಈಗ ಅವನು ದಿನಾ ಸಂಜೆ ಫಿಸಿಯೋಥೆರಪಿಗೆ ಹೋಗ್ತಾನೆ, ಸ್ಪಂಜಿನ ಚೆಂಡು ಹಿಸುಕ್ತಾ ಕ್ಲಾಸಲ್ಲಿ ಕೂರ್ತಾನೆ. ವಾರಕ್ಕೊಮ್ಮೆ ಸ್ಟಾಪ್‌ವಾಚ್. 5ರೊಳಗೆ ಬಂದ್ರೆ ಅವನೇ ನಮ್ಮ ಡ್ರೈವರ್. ಬರದಿದ್ರೆ ಫೈನಲ್ ಇಯರ್ ಅಣ್ಣನ ಕಾಲಿಗೆ ಬೀಳೋದು, ಅದೂ ಆಗದಿದ್ರೆ ಈ ಸಲ ಕಾರು ಕಡಿಮೆ ಓಡುತ್ತೆ. ಅಷ್ಟೇ ತಾನೇ?

ಅಷ್ಟೇ ತಾನೇ ಅಂತ ಬರೆಯೋದು ಸುಲಭ, ಒಪ್ಪೋದು ಕಷ್ಟ. ಯಾಕಂದ್ರೆ ನಾವು ಬೆಳೆದಿರೋದೇ ಹಾಗೆ. ಜ್ವರ ಇದ್ರೂ ಇಂಟರ್ನಲ್ಸ್ ಬರೆದವನು ಹೀರೋ. ಕಾಲಿಗೆ ಬ್ಯಾಂಡೇಜ್ ಸುತ್ಕೊಂಡು ಅಟೆಂಡೆನ್ಸ್‌ಗೋಸ್ಕರ ಮೂರು ಮಹಡಿ ಹತ್ತಿದವಳಿಗೆ ಚಪ್ಪಾಳೆ. ವಾಪಸ್ ಬಂದವರ ಕಥೆಯನ್ನ ನಾವು ಎಷ್ಟು ಪ್ರೀತಿಸ್ತೀವಿ ಅಂದ್ರೆ, ವಾಸಿಯಾಗೋ ಕಥೆ ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ.

ನಿಕಿ ಲೌಡಾ ಕಥೆ ತಗೊಳ್ಳಿ. 'ರಶ್' ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ. 1976ರ ಆಗಸ್ಟ್ 1ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಅವನ ಫೆರಾರಿಗೆ ಬೆಂಕಿ ಬಿತ್ತು. ಮುಖ, ತಲೆ ಸುಟ್ಟವು, ಶ್ವಾಸಕೋಶಕ್ಕೆ ವಿಷದ ಹೊಗೆ ಹೋಯ್ತು. 42 ದಿನಕ್ಕೆ, ಇಟಲಿಯ ಮೊಂಜಾದಲ್ಲಿ, ಬ್ಯಾಂಡೇಜ್ ಮೇಲೆ ಹೆಲ್ಮೆಟ್ ಹಾಕ್ಕೊಂಡು ಬಂದು ನಾಲ್ಕನೇ ಸ್ಥಾನ ತಗೊಂಡ. ಈ ಭಾಗವನ್ನ ಎಲ್ಲರೂ ಹೇಳ್ತಾರೆ. ನಮಗೆ ಹೆಚ್ಚು ಇಷ್ಟವಾಗೋದು ಅದೇ ವರ್ಷದ ಕೊನೇ ರೇಸ್, ಜಪಾನಿನ ಫ್ಯೂಜಿಯಲ್ಲಿ. ಜೋರು ಮಳೆ, ಮುಂದಿನ ಕಾರು ಕಾಣ್ತಿಲ್ಲ. ಲೌಡಾ ಎರಡು ಸುತ್ತು ಓಡಿಸಿ ಕಾರನ್ನ ಒಳಗೆ ತಂದು ನಿಲ್ಲಿಸಿಬಿಟ್ಟ. ಕಾರು ಕೆಟ್ಟಿತ್ತು ಅಂತ ನೆಪವನ್ನೂ ಹೇಳಲಿಲ್ಲ. ಜೇಮ್ಸ್ ಹಂಟ್ 69 ಪಾಯಿಂಟ್, ಲೌಡಾ 68. ಒಂದೇ ಪಾಯಿಂಟಲ್ಲಿ ಚಾಂಪಿಯನ್‌ಶಿಪ್ ಹೋಯ್ತು. ಮರುವರ್ಷ, 1977ರಲ್ಲಿ, ಮತ್ತೆ ಚಾಂಪಿಯನ್ ಆದ. 1984ರಲ್ಲಿ ಇನ್ನೊಮ್ಮೆ. ಕಳೆದ ಆಗಸ್ಟಲ್ಲಿ ಶ್ವಾಸಕೋಶದ ಕಸಿ ಮಾಡಿಸಿಕೊಂಡಿದ್ದಾನೆ, ಮೊನ್ನೆ ಫೆಬ್ರವರಿಗೆ 70 ತುಂಬಿತು. ಮೊಂಜಾದಲ್ಲಿ ಕಾರು ಹತ್ತಿದ್ದಕ್ಕೆ ಎಷ್ಟು ಧೈರ್ಯ ಬೇಕಿತ್ತೋ, ಫ್ಯೂಜಿಯಲ್ಲಿ ಇಳಿದದ್ದಕ್ಕೂ ಅಷ್ಟೇ ಬೇಕಿತ್ತು ಅನ್ನೋದು ನಮ್ಮ ರೂಮಿನ ತೀರ್ಮಾನ.

ಇನ್ನೊಂದು ವಿಷಯ. ಭಾನುವಾರದ ಆಲ್ಬರ್ಟ್ ಪಾರ್ಕ್ ಟ್ರ್ಯಾಕಿಗೆ ಇಂಥವರನ್ನ ಬರಮಾಡಿಕೊಂಡು ಅಭ್ಯಾಸ ಇದೆ. 1995ರ ನವೆಂಬರಲ್ಲಿ ಅಡಿಲೇಡ್‌ನಲ್ಲಿ ಮಿಕಾ ಹಕ್ಕಿನೆನ್ ಕಾರಿನ ಟೈರ್ ಕೆಟ್ಟು ಗೋಡೆಗೆ ಹೊಡೆದಾಗ, ಟ್ರ್ಯಾಕಿನ ಪಕ್ಕದಲ್ಲೇ ಡಾಕ್ಟರುಗಳು ಗಂಟಲಿಗೆ ರಂಧ್ರ ಮಾಡಿ ಉಸಿರು ಉಳಿಸಿದರು. ನಾಲ್ಕು ತಿಂಗಳಾದ ಮೇಲೆ, 1996ರ ಮಾರ್ಚಲ್ಲಿ, ಆಲ್ಬರ್ಟ್ ಪಾರ್ಕಲ್ಲಿ ಮೊಟ್ಟಮೊದಲ ಫಾರ್ಮುಲಾ ಒನ್ ರೇಸ್ ನಡೀತು. ಹಕ್ಕಿನೆನ್ ಅದರಲ್ಲಿ ಐದನೆಯವನಾದ. 1998, 1999ರಲ್ಲಿ ವಿಶ್ವ ಚಾಂಪಿಯನ್.

ಕುಬಿತ್ಸಾ ಚಾಂಪಿಯನ್ ಆಗ್ತಾನೆ ಅಂತ ನಾವು ಹೇಳ್ತಿಲ್ಲ. ಆ ಕಾರಲ್ಲಿ ಪಾಯಿಂಟ್ ಬಂದ್ರೇ ಹಬ್ಬ. ಕೊನೆಯಲ್ಲೂ ಬರಬಹುದು, ಅವನಿಗಿಂತ 13 ವರ್ಷ ಚಿಕ್ಕವನಾದ ಜೊತೆಗಾರ ಜಾರ್ಜ್ ರಸೆಲ್ ಮುಂದಿರಬಹುದು. ಆಗ ಕಾಮೆಂಟ್ ಬರೆಯೋರು ಇದ್ದೇ ಇರ್ತಾರೆ: ಎಂಟು ವರ್ಷ ಒದ್ದಾಡಿದ್ದು ಇದಕ್ಕಾ ಅಂತ. ಇದಕ್ಕೇ ಅಂತೀವಿ ನಾವು. ತನ್ನ ಕೈಯ ಲೆಕ್ಕ ತನಗೆ ಸರಿಯಾಗಿ ಗೊತ್ತಿದ್ದು, ಕಾರನ್ನ ಅದಕ್ಕೆ ಹೊಂದಿಸಿಕೊಂಡು, ಸ್ಟಾಪ್‌ವಾಚಿನ ಮುಂದೆ ಪಾಸಾಗಿ ಬಂದವನಿಗೆ ಎಷ್ಟನೇ ಸ್ಥಾನ ಅನ್ನೋದು ಆಮೇಲಿನ ಮಾತು. ಹಾಗೆ ಬರೋಕೆ ಎಂಟು ವರ್ಷ ಬೇಕಾಯ್ತು, ಅದೂ ಸರಿ.

ಭಾನುವಾರ ನೀವೂ ನೋಡಿ. ಮುಂದಿರೋ ಬೆಳ್ಳಿ ಬಣ್ಣದ ಕಾರು, ಕೆಂಪು ಕಾರುಗಳನ್ನ ಕ್ಯಾಮೆರಾ ಹೇಗೂ ತೋರಿಸುತ್ತೆ. ಹಿಂದಿನ ಸಾಲಲ್ಲಿ 88 ಕಂಡ್ರೆ ಒಂದು ಕ್ಷಣ ಕಣ್ಣು ಅಲ್ಲಿಡಿ. ನಲವತ್ತು ಸುತ್ತಾದ ಮೇಲೆ ಆ ಎಡಗೈ ಹೇಗಿದೆ, ತಿರುವಲ್ಲಿ ಕಾರು ನೇರ ಇದೆಯಾ ನೋಡಿ. 58 ಸುತ್ತೂ ಮುಗಿಸಿದ್ರೆ ಚಪ್ಪಾಳೆ ಹೊಡೀರಿ. ನಡುವಲ್ಲಿ ಸಾಕು ಅನ್ನಿಸಿ ಕಾರು ಒಳಗೆ ತಂದ್ರೂ ಅಷ್ಟೇ ಜೋರಾಗಿ ಹೊಡೀರಿ. ನಮ್ಮ ರೂಮು ಎರಡನೇ ಮಹಡಿ, ಮೂಲೆಯದ್ದು. ಚಾರ್ಜರ್ ಮಾತ್ರ ನೀವೇ ತಗೊಂಡು ಬನ್ನಿ.