ತಂತಿಯ ನಡುಕ

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ಶಾಲೆಯಲ್ಲಿ ಎಷ್ಟೋ ಸಲ ವಿಸ್ತರಿಸಿ ಬರೆದು ಅಂಕ ಪಡೆದವಳು ನಾನು. ಅದು ನನ್ನನ್ನು ಕುರಿತೇ ಹೇಳಿದ ಮಾತೆಂದು ತಿಳಿಯಲು ಮಾತ್ರ ಬಿ. ಎ. ಕೊನೆಯ ವರ್ಷದವರೆಗೆ ಕಾಯಬೇಕಾಯಿತು. ತಿಳಿಸಿಕೊಟ್ಟದ್ದು ಗುರುಗಳಲ್ಲ, ಗ್ರಂಥವಲ್ಲ, ಒಂದು ಗಿಟಾರು.

ಒಂದು ಭಾನುವಾರ ರಾಯಚೂರಿನಲ್ಲಿ ಗೆಳತಿಯ ಮನೆಗೆ ಹೋಗಿದ್ದೆ. ಬೆಂಗಳೂರಿನಿಂದ ಬಂದಿದ್ದ ಅವಳ ಅಣ್ಣ ವಿದ್ಯುತ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಒಂದು ತಂತಿಯನ್ನು ಮೀಟಿದರು. ಬಳಿಕ ವಾದ್ಯದ ಬುಡದಲ್ಲಿದ್ದ ಬಾಗಿದ ಕಡ್ಡಿಯೊಂದನ್ನು ಮೆಲ್ಲಗೆ ಅದುಮಿದರು. ಸ್ವರವು ಬಾವಿಗೆ ಬಿಟ್ಟ ಕೊಡದಂತೆ ಕೆಳಗಿಳಿದು, ಕೈ ಸಡಿಲಿಸಿದೊಡನೆ ಮೇಲೆದ್ದು ಬಂತು. ಕುಳಿತವರೆಲ್ಲ ತಲೆದೂಗಿದರು. ನಾನೊಬ್ಬಳು ಬೆಚ್ಚಿದೆ. ಆ ಸದ್ದು ನನಗೆ ಹೊಸದಾಗಿರಲಿಲ್ಲ. ಅದು ಕಲ್ಲೂರಿನ ನಮ್ಮ ಮನೆಯ ಗೂಟಕ್ಕೆ ತೂಗುಹಾಕಿದ ಚೌಡಿಕೆಯ ಸದ್ದು!

"ಅಣ್ಣಾ, ಈ ಕಡ್ಡಿಗೆ ಏನಂತಾರ?" ಎಂದು ಕೇಳಿದೆ.

"ವ್ಯಾಮಿ ಬಾರ್. ಟ್ರೆಮೊಲೊ ಅಂತನೂ ಅಂತಾರ. ಆದರ ಆ ಹೆಸರು ತಪ್ಪವ್ವ" ಎಂದು ಅವರು ನಕ್ಕರು.

ಆ ತಪ್ಪಿನ ಕಥೆ ಸ್ವಾರಸ್ಯವಾದದ್ದು. ನಾದದ ನಡುಕದಲ್ಲಿ ಎರಡು ಬಗೆ. ಸ್ವರ ಇದ್ದಲ್ಲಿಯೇ ಇದ್ದು, ಸದ್ದು ಮಾತ್ರ ಜೋರಾಗಿ ಮೆಲ್ಲಗಾಗುತ್ತಿದ್ದರೆ ಅದು ಟ್ರೆಮೊಲೊ. ಚಿಕ್ಕಂದಿನಲ್ಲಿ ತಿರುಗುವ ಫ್ಯಾನಿನ ಮುಂದೆ ನಿಂತು 'ಆ' ಎಂದು ಕೂಗಿದವರೆಲ್ಲ ಇದನ್ನು ಬಲ್ಲರು. ಸ್ವರವೇ ತುಸು ಏರಿ ತುಸು ಇಳಿದು ತೂಗಾಡಿದರೆ ಅದು ವೈಬ್ರಾಟೊ. ನಮ್ಮವರ ಗಮಕ ಇದಕ್ಕೆ ಹತ್ತಿರದ ಬಂಧು. 13ನೆಯ ಶತಮಾನದ ಶಾರ್ಙ್ಗದೇವನು 'ಸಂಗೀತ ರತ್ನಾಕರ'ದಲ್ಲಿ 15 ಗಮಕಗಳನ್ನು ಹೇಳಿದ್ದಾನೆ, ಅವುಗಳಲ್ಲಿ ಕಂಪಿತವೂ ಒಂದು. 1954ರಲ್ಲಿ ಅಮೆರಿಕದ ಲಿಯೋ ಫೆಂಡರನ ಕಾರ್ಖಾನೆಯಿಂದ ಸ್ಟ್ರಾಟೊಕಾಸ್ಟರ್ ಎಂಬ ಗಿಟಾರು ಹೊರಬಂದಾಗ, ಸ್ವರವನ್ನೇ ಅಲುಗಿಸುವ ಅದರ ಕಡ್ಡಿಗೆ ಟ್ರೆಮೊಲೊ ಎಂದು ಹೆಸರಿಟ್ಟರು. ಸದ್ದನ್ನು ಮಾತ್ರ ಏರಿಳಿಸುತ್ತಿದ್ದ ತಮ್ಮ ಆಂಪ್ಲಿಫೈಯರುಗಳ ಗುಣಕ್ಕೆ ವೈಬ್ರಾಟೊ ಎಂದರು. ಹೆಸರುಗಳು ಅದಲುಬದಲಾದವು, ಲೋಕ ಹಾಗೆಯೇ ಕರೆಯುತ್ತ ಬಂತು.

ಕೆಲಸದ ರೀತಿ ಸರಳ. ತಂತಿಗಳು ಒಂದು ಕಡೆ ಎಳೆಯುತ್ತವೆ. ಗಿಟಾರಿನ ಬೆನ್ನೊಳಗೆ ಅಡಗಿರುವ ಸ್ಪ್ರಿಂಗುಗಳು ಇನ್ನೊಂದು ಕಡೆ ಎಳೆಯುತ್ತವೆ. ಕಡ್ಡಿಯನ್ನು ಅದುಮಿದರೆ ಈ ಸಮತೂಕ ಕೆಟ್ಟು ತಂತಿ ಸಡಿಲವಾಗುತ್ತದೆ, ಸ್ವರ ಇಳಿಯುತ್ತದೆ. ಬಿಟ್ಟರೆ ಸ್ಪ್ರಿಂಗು ಅದನ್ನು ಮರಳಿ ಸ್ವಸ್ಥಾನಕ್ಕೆ ತರುತ್ತದೆ. ತಂತಿಯ ಬಿಗಿತ ನಾಲ್ಕು ಪಟ್ಟಾದರೆ ಅದರ ಕಂಪನ ಎರಡು ಪಟ್ಟಾಗಿ, ಷಡ್ಜವು ತಾರಷಡ್ಜಕ್ಕೆ ಮುಟ್ಟುತ್ತದೆ.

ಇನ್ನು ಚೌಡಿಕೆಯನ್ನು ನೋಡಿರಿ. ಪೊಳ್ಳಾದ ಮರದ ಕೊಳಗ; ತಳಕ್ಕೆ ತೊಗಲು. ಆ ತೊಗಲಿನ ನಡುವಿನಿಂದ ಹೊರಟ ತಂತಿ ಪಕ್ಕಕ್ಕೆ ಬಿಗಿದ ಕೋಲಿನ ತುದಿಯ ಬಿರಡೆಗೆ ಹೋಗುತ್ತದೆ. ಇಲ್ಲಿ ತೊಗಲೇ ಸ್ಪ್ರಿಂಗು. ಕಂಕುಳಲ್ಲಿ ಅವುಚಿಕೊಂಡು, ಹಿಡಿತವನ್ನು ಬಿಗಿದು ಸಡಿಲಿಸುತ್ತ ಮೀಟಿದರೆ ಸ್ವರ ಮಾತಿನಂತೆ ಏರಿಳಿಯುತ್ತದೆ. ಫೆಂಡರನು ಉಕ್ಕಿನಿಂದ ಮಾಡಿದ್ದನ್ನು ನಮ್ಮ ಕಡೆಯವರು ಕಟ್ಟಿಗೆ ತೊಗಲುಗಳಿಂದ ಮಾಡಿಕೊಂಡಿದ್ದರು.

ಅದನ್ನು ನುಡಿಸುವವರು ನಮ್ಮ ದೊಡ್ಡಾಯಿ, ಅಂದರೆ ನಮ್ಮ ಆಯಿಯ ಅಕ್ಕ. ತಿಳುವಳಿಕೆ ಬರುವ ಮುನ್ನವೇ ಅವರಿಗೆ ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿದ್ದರು. ಇಂಥ ಸಮರ್ಪಣೆಯನ್ನು ನಿಷೇಧಿಸಿದ 1982ರ ಕರ್ನಾಟಕದ ಕಾಯ್ದೆ ಅವರ ಪಾಲಿಗೆ ಬಹಳ ತಡವಾಗಿ ಬಂತು.

ವಾಚಕರಲ್ಲಿ ಒಂದು ತಪ್ಪೊಪ್ಪಿಗೆ. ಕಾಲೇಜು ಸೇರಿದ ಮೊದಲ ವರ್ಷ, ಭಾರತ ಹುಣ್ಣಿಮೆಯ ಹೊತ್ತಿಗೆ, ಸವದತ್ತಿಯ ಗುಡ್ಡಕ್ಕೆ ಹೊರಟಿದ್ದ ದೊಡ್ಡಾಯಿ ರಾಯಚೂರಿನ ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಹಣೆತುಂಬ ಭಂಡಾರ, ಕಂಕುಳಲ್ಲಿ ಚೌಡಿಕೆ. ನನ್ನನ್ನು ಕಂಡು "ಯವ್ವಾ" ಎಂದು ಕೂಗಿದರು. ಜೊತೆಯಲ್ಲಿ ಸಹಪಾಠಿಗಳಿದ್ದರು. ನಾನು ಕೇಳಿಸದವಳಂತೆ ಮುಖ ತಿರುಗಿಸಿ ನಡೆದೆ. ಅವರು ಎರಡನೆಯ ಸಲ ಕೂಗಲಿಲ್ಲ. ಮನೆಯಲ್ಲಿ ಎಂದೂ ಆ ಮಾತನ್ನು ಎತ್ತಲೂ ಇಲ್ಲ. 2021ರಲ್ಲಿ ಮಂಜಮ್ಮ ಜೋಗತಿಯವರು ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ನೋಡಿ ಹಿಗ್ಗಿದವಳೇ ನಾನು. ಮನೆಯ ಗೂಟದ ಕಡೆಗೆ ಮಾತ್ರ ಕಣ್ಣೆತ್ತಿರಲಿಲ್ಲ.

ಗಿಟಾರು ಕೇಳಿದ ವಾರವೇ ಊರಿಗೆ ಹೋದೆ. ಚೌಡಿಕೆಯನ್ನು ಇಳಿಸಿ ಧೂಳು ಒರೆಸಿ, "ಆಯಿ, ನನಗ ಇದನ್ನ ಕಲಿಸ್ರಿ" ಎಂದೆ.

ದೊಡ್ಡಾಯಿ ಬಹಳ ಹೊತ್ತು ಸುಮ್ಮನಿದ್ದರು. ಬಳಿಕ, "ನಾಚಿಕಿ ಬರಂಗಿಲ್ಲೇನ?" ಎಂದರು. ಬಸ್ ನಿಲ್ದಾಣವನ್ನು ಅವರು ಮರೆತಿರಲಿಲ್ಲ. ನನ್ನ ಕೊರಳು ಕಟ್ಟಿತು. ಅವರೇ ಚೌಡಿಕೆಯನ್ನು ನನ್ನ ಕಂಕುಳಿಗೆ ಇಟ್ಟು, ಬೆರಳು ಹಿಡಿದು ಮೀಟಿಸಿದರು.

"ಬಾರಿಸೋದು ಕಲಿ ಮಗಳ. ಕೊಳ್ಳಾಗಿನ ಮುತ್ತು ನನ್ನ ಸಂಗಾಟನ ಹೋಗಲಿ."

ಕೈಬಿಡತಕ್ಕದ್ದು ಯಾವುದು, ಉಳಿಸಿಕೊಳ್ಳತಕ್ಕದ್ದು ಯಾವುದು ಎಂದು ನಾನು ಪುಸ್ತಕಗಳಲ್ಲಿ ಹುಡುಕುತ್ತಿದ್ದೆ. ಅಕ್ಷರ ಬಾರದ ದೊಡ್ಡಾಯಿ ಒಂದೇ ಮಾತಿನಲ್ಲಿ ಬೇರ್ಪಡಿಸಿಕೊಟ್ಟರು.

ನನ್ನ ಕೈಯಲ್ಲಿ ಚೌಡಿಕೆ ಇನ್ನೂ ಸರಿಯಾಗಿ ನುಡಿಯುವುದಿಲ್ಲ. ಹಿಡಿತ ಹೆಚ್ಚಾದರೆ ಕೀರಲಾಗುತ್ತದೆ, ಕಡಿಮೆಯಾದರೆ ಮೂಕವಾಗುತ್ತದೆ. ಮಳೆಗಾಲದಲ್ಲಂತೂ ತೊಗಲು ಸಡಿಲಾಗಿ ಶ್ರುತಿಯೇ ನಿಲ್ಲುವುದಿಲ್ಲ. ರಜೆಗೆ ಹೋದಾಗಲೆಲ್ಲ ಕಟ್ಟೆಯ ಮೇಲೆ ಕುಳಿತು ಅಭ್ಯಾಸ ಮಾಡುತ್ತೇನೆ. ಹಾದಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ನೋಡಲಿ. ದೊಡ್ಡಾಯಿ ಒಳಗಿನಿಂದಲೇ "ಬಿಗಿ ಆತು, ಸ್ವಲ್ಪ ಸಡಿಲ ಬಿಡು" ಎಂದು ಕೂಗುತ್ತಾರೆ. ಈಗ ನಾನು ಮೊದಲ ಕೂಗಿಗೇ ಓಗೊಡುತ್ತೇನೆ.