ಜೋಯಿ, ಕಾಳಿ ಮತ್ತು ಹೈಫಾದ ಕುದುರೆಗಳು

'ವಾರ್ ಹಾರ್ಸ್' ಎಂಬ ಇಂಗ್ಲಿಷ್ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಮೈಕೆಲ್ ಮೊರ್ಪುರ್ಗೊ 1982ರಲ್ಲಿ ಮಕ್ಕಳಿಗಾಗಿ ಬರೆದ ಕಾದಂಬರಿಯನ್ನು ಆಧರಿಸಿ ಸ್ಟೀವನ್ ಸ್ಪಿಲ್‌ಬರ್ಗ್ 2011ರಲ್ಲಿ ತೆಗೆದ ಚಿತ್ರ ಅದು. ಕಾದಂಬರಿಯಲ್ಲಿ ಕತೆ ಹೇಳುವುದು ಸ್ವತಃ ಕುದುರೆಯೇ. ಇಂಗ್ಲೆಂಡಿನ ಡೆವನ್ ಸೀಮೆಯ ಬಡರೈತನ ಮಗ ಆಲ್ಬರ್ಟ್ ಒಂದು ಕುದುರೆಮರಿಯನ್ನು ಪ್ರೀತಿಯಿಂದ ಪಳಗಿಸಿ ಜೋಯಿ ಎಂದು ಹೆಸರಿಡುತ್ತಾನೆ. 1914ರಲ್ಲಿ ಮಹಾಯುದ್ಧ ಶುರುವಾದಾಗ ಅಪ್ಪ ಹಣದ ಮುಗ್ಗಟ್ಟಿಗೆ ಅದನ್ನು ಸೈನ್ಯಕ್ಕೆ ಮಾರಿಬಿಡುತ್ತಾನೆ. ಜೋಯಿ ಇಂಗ್ಲಿಷರ ಕೈಯಿಂದ ಜರ್ಮನರ ಕೈಗೆ, ಅಲ್ಲಿಂದ ಒಬ್ಬ ಫ್ರೆಂಚ್ ಹುಡುಗಿಯ ಮನೆಗೆ, ಮತ್ತೆ ಫಿರಂಗಿ ಎಳೆಯುವ ಕೆಲಸಕ್ಕೆ ಹೋಗುತ್ತದೆ.

ಒಂದು ದೃಶ್ಯವನ್ನಂತೂ ಮರೆಯಲಾಗದು. ಎರಡು ಸೈನ್ಯಗಳ ಕಂದಕಗಳ ನಡುವೆ ಜೋಯಿ ಮುಳ್ಳುತಂತಿಗೆ ಸಿಕ್ಕಿ ಬಿದ್ದಿದೆ. ಈ ಕಡೆಯಿಂದ ಒಬ್ಬ ಇಂಗ್ಲಿಷ್ ಸಿಪಾಯಿ, ಆ ಕಡೆಯಿಂದ ಒಬ್ಬ ಜರ್ಮನ್ ಸಿಪಾಯಿ ಬಂದು ಇಬ್ಬರೂ ಸೇರಿ ತಂತಿ ಕತ್ತರಿಸುತ್ತಾರೆ. ಕುದುರೆ ಯಾರಿಗೆ ಎಂದು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಾರೆ. ಅಷ್ಟು ಹೊತ್ತು ಗುಂಡಿನ ಸದ್ದಿಲ್ಲ. ಚಿತ್ರದ ಕೊನೆ ಮಾತ್ರ ನನಗೆ ಸಕ್ಕರೆ ಜಾಸ್ತಿಯಾದ ಪಾಯಸದಂತೆ ಅನ್ನಿಸಿತು. ಆಕಾಶವೆಲ್ಲ ಕೆಂಪು, ಜೊತೆಗೆ ಪಿಟೀಲು ಬೇರೆ!

ಸಂಭಾಜಿನಗರದಲ್ಲಿರುವ ನನ್ನ ತಂಗಿಯ ಮಗ ರಜಕ್ಕೆ ನಾಸಿಕಕ್ಕೆ ಬಂದಿದ್ದಾಗ ನಮ್ಮ ಮನೆಯಲ್ಲಿ ಈ ಚಿತ್ರ ನೋಡಿದ. ಮುಗಿದ ಮೇಲೆ, "ದೊಡ್ಡಮ್ಮ, ಕನ್ನಡದಲ್ಲಿ ಇಂಥ ಕತೆ ಯಾವುದೂ ಇಲ್ಲ ಅಲ್ವಾ?" ಅಂದ. ಹುಡುಗ ಕುಚೋದ್ಯಕ್ಕೆ ಕೇಳಿದ್ದಲ್ಲ. ಅವನು ಗೆಳೆಯರೊಡನೆ ಆಡುವುದು ಮರಾಠಿ, ಹಿಂದಿ, ಓದುವುದು ಇಂಗ್ಲಿಷ್. ಕನ್ನಡವೆಂದರೆ ಅಮ್ಮ ಊಟಕ್ಕೆ ಕರೆಯುವ, ತಪ್ಪಿದರೆ ಬೈಯುವ ಭಾಷೆ. ಆದರೂ 'ಇದೆಯಾ' ಎನ್ನದೆ 'ಇಲ್ಲ ಅಲ್ವಾ' ಎಂದನಲ್ಲ, ಅದು ನನಗೆ ಚುಚ್ಚಿತು. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಜೋಯಿ ಹೋದ ಅದೇ ಮಹಾಯುದ್ಧಕ್ಕೆ ನಮ್ಮ ಮೈಸೂರಿನ ಕುದುರೆ ಸವಾರರೂ ಹೋಗಿದ್ದರು. ಈಗ ಇಸ್ರೇಲಿನಲ್ಲಿರುವ ಹೈಫಾ ಪಟ್ಟಣ ಆಗ ತುರ್ಕರ ವಶದಲ್ಲಿತ್ತು. ಕಾರ್ಮೆಲ್ ಬೆಟ್ಟದ ಮೇಲೆ ಫಿರಂಗಿಗಳು, ಮೆಷಿನ್ ಗನ್‌ಗಳು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಈಟಿ ಹಿಡಿದು ಕುದುರೆಗಳ ಮೇಲೆಯೇ ನುಗ್ಗಿದರು. ಪಟ್ಟಣ ಅಂದೇ ಕೈವಶವಾಯಿತು. 1,350 ಮಂದಿ ಸೆರೆ ಸಿಕ್ಕರು. ನಮ್ಮ ಕಡೆ ಸತ್ತವರು 8 ಮಂದಿ, ಗಾಯಗೊಂಡವರು 34. ಕುದುರೆಗಳ ಲೆಕ್ಕವನ್ನೂ ಕೇಳಿ: ಸತ್ತದ್ದು 60, ಗಾಯಗೊಂಡದ್ದು 83.

ದೆಹಲಿಯ ತೀನ್ ಮೂರ್ತಿ ಇದೇ ಯುದ್ಧದ ನೆನಪಿಗಾಗಿ 1922ರಲ್ಲಿ ನಿಂತ ಸ್ಮಾರಕ. ಆ ಮೂರು ಮೂರ್ತಿಗಳು ಮೈಸೂರು, ಜೋಧಪುರ ಮತ್ತು ಹೈದರಾಬಾದ್ ಸಂಸ್ಥಾನಗಳ ಸವಾರರವು. ಸಂಭಾಜಿನಗರದ ಮಕ್ಕಳೇ, ನಿಮ್ಮ ಊರು ಆಗ ನಿಜಾಮರ ಹೈದರಾಬಾದಿಗೆ ಸೇರಿತ್ತು. ಆ ಲೆಕ್ಕದಲ್ಲಿ ಅಲ್ಲಿ ನಿಮಗೆ ಎರಡು ಮೂರ್ತಿಗಳ ನಂಟು! ಆದರೆ ಮೂವರೂ ನೆಲದ ಮೇಲೆ ನಿಂತಿದ್ದಾರೆ. ಸವಾರರ ಸ್ಮಾರಕದಲ್ಲಿ ಕುದುರೆ ಇಲ್ಲ. ಬದುಕಿ ಉಳಿದ ಕುದುರೆಗಳಿಗೂ ಮನೆಗೆ ಮರಳುವ ಭಾಗ್ಯ ಬಹಳ ಕಡಿಮೆ. ಆಸ್ಟ್ರೇಲಿಯಾದಿಂದ ಆ ಯುದ್ಧಕ್ಕೆ ಹೋದ ಲಕ್ಷಕ್ಕೂ ಹೆಚ್ಚು ಕುದುರೆಗಳಲ್ಲಿ ತಾಯ್ನಾಡಿಗೆ ಮರಳಿದ್ದು ಒಂದೇ ಒಂದು. ಅದರ ಹೆಸರು ಸ್ಯಾಂಡಿ.

"ಹಾಗಾದರೆ ನಮ್ಮ ಕುದುರೆಗಳ ಹೆಸರೇನು?" ಎಂದ ಹುಡುಗ. ದಿನಾ ಮೈ ತಿಕ್ಕಿ ಹುಲ್ಲು ಹಾಕಿದ ಸವಾರ ಅದನ್ನು ಹೆಸರಿಟ್ಟು ಕರೆಯದೆ ಇರುತ್ತಾನೆಯೆ? ವರದಿಗೆ ಬಂದದ್ದು ಮಾತ್ರ ಬರೀ ಅಂಕಿ.

ಆದರೆ ಯುದ್ಧದ ನಂಟಿನ ಒಂದು ಪ್ರಾಣಿಯ ಹೆಸರನ್ನು ಕನ್ನಡ ಸಾವಿರ ವರ್ಷಗಳಿಂದ ಜೋಪಾನವಾಗಿ ಇಟ್ಟುಕೊಂಡಿದೆ. ಆ ಕತೆಯನ್ನು ಸಂಭಾಜಿನಗರದ ಹತ್ತಿರದ ಎಲ್ಲೋರದಿಂದಲೇ ಶುರುಮಾಡಬಹುದು. ಸ್ಕೂಲಿನ ಪ್ರವಾಸದಲ್ಲಿ ನೀವೆಲ್ಲ ನೋಡಿದ ಕೈಲಾಸ ದೇವಾಲಯ, ಗುಡಿಯನ್ನೇ ಹೊತ್ತಂತೆ ನಿಂತಿರುವ ಆ ಆನೆಗಳ ಸಾಲು, ಎಂಟನೆಯ ಶತಮಾನದ ರಾಷ್ಟ್ರಕೂಟ ದೊರೆ ಒಂದನೆಯ ಕೃಷ್ಣನ ಕಾಲದ್ದು. ಅದೇ ವಂಶದ ಮೂರನೆಯ ಕೃಷ್ಣ 949ರಲ್ಲಿ ತಕ್ಕೋಲಂ ಎಂಬಲ್ಲಿ ಚೋಳರೊಡನೆ ಕಾದಿದ. ಗಂಗರ ಬೂತುಗ ಅವನ ಜೊತೆಗಿದ್ದ. ಬೂತುಗನ ಕಡೆಯ ಮಣಲೆರನೆಂಬ ವೀರನ ಪರಾಕ್ರಮಕ್ಕೆ ಅರಸ ಮೆಚ್ಚಿ, ಬೇಕಾದ್ದು ಬೇಡಿಕೋ ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಒಂದು ಬೇಟೆನಾಯಿಯನ್ನು. ಅದರ ಹೆಸರು ಕಾಳಿ.

ಮುಂದೆ ಒಂದು ಬೇಟೆಯಲ್ಲಿ ಕಾಳಿ ದೊಡ್ಡ ಹಂದಿಯ ಮೇಲೆ ಬಿತ್ತು. ಹೋರಾಡಿ ಎರಡೂ ಸತ್ತವು. ಕಾಳಿಯ ನೆನಪಿಗೆ ಆತಕೂರಿನ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ಅದಕ್ಕಾಗಿ ಭೂಮಿಯನ್ನೂ ಬಿಟ್ಟರು. ಆತಕೂರು ಇರುವುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ. ಆ ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಂಡರೆ ಅವನಿಗೆ ನಾಯಿಯ ಪಾಪ ತಟ್ಟುತ್ತದೆಂದೂ ಬರೆಸಿದ್ದಾರೆ. ತಕ್ಕೋಲಂ ಯುದ್ಧದ ವಿಷಯಕ್ಕೆ ಇತಿಹಾಸಕಾರರು ಇಂದಿಗೂ ಓದುವುದು ಈ ಶಾಸನವನ್ನೇ. ಎಂದರೆ ದೊರೆಗಳ ಸುದ್ದಿ ನಮಗೆ ತಲುಪಿದ್ದು ಒಂದು ನಾಯಿಯ ಕಲ್ಲಿನಿಂದ! ಆ ಕಲ್ಲನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ತಂದಿದ್ದಾರೆ. ಅಜ್ಜಿ ಮನೆಗೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಳ್ಳಿ. ಅದರ ಹಳಗನ್ನಡ ಲಿಪಿಯನ್ನು ಓದುವುದು ನಮಗೂ ಕಷ್ಟವೇ, ಸಂಕೋಚ ಬೇಡ.

ನಮ್ಮ ಹುಡುಗ ಇದನ್ನೆಲ್ಲ ಸುಮ್ಮನೆ ಕೇಳಿ, "ನಾಯಿಗೇನೋ ಕಲ್ಲು ಹಾಕಿಸಿದರು ದೊಡ್ಡಮ್ಮ, ಪಾಪ, ಆ ಹಂದಿ?" ಅಂದ.

ಹಂದಿಯನ್ನೂ ಅದೇ ಕಲ್ಲಿನ ಮೇಲೆ, ಕಾಳಿಯ ಎದುರಿಗೇ ಕೆತ್ತಿದ್ದಾರಪ್ಪ ಎಂದೆ.