ಬಯಲಿನಲ್ಲಿ ಪಳಗಿದ ಕಾಲುಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಪ್ರೌಢಶಾಲೆಗಳಲ್ಲಿ ಕಬಡ್ಡಿ, ಖೊಖೊ, ಓಟ ಎಲ್ಲದರಲ್ಲಿಯೂ ಮುಂದಿರುವ ಹುಡುಗನೊಬ್ಬ ಇದ್ದೇ ಇರುತ್ತಾನೆ. ‘ಯಾವುದಾದರೂ ಒಂದನ್ನೇ ಹಿಡಿಯಬಾರದೆ?’ ಎಂದು ಮನೆಯ ಹಿರಿಯರು ಗದರುವುದೂ ಉಂಟು. ಹಾಗೆ ಗದರುವ ಮುನ್ನ ಕೊಡಗಿನ ಎಂ. ಪಿ. ಗಣೇಶರನ್ನು ನೆನೆಯಬೇಕು. 1946ರಲ್ಲಿ ಜನಿಸಿದ ಅವರು ಹದಿಹರೆಯದಲ್ಲಿ, 1960ರಿಂದ 1964ರವರೆಗೆ, ತಮ್ಮ ಜಿಲ್ಲೆಯ ಪರವಾಗಿ ಆಡಿದ್ದು ಫುಟ್‌ಬಾಲ್. ಸೇನೆಯನ್ನು ಸೇರಿದ ಮೇಲೆ ಹೆಸರು ತಂದದ್ದು ಹಾಕಿ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ದೊರೆಯಿತು. 1973ರ ವಿಶ್ವಕಪ್‌ನಲ್ಲಿ ಅವರ ನಾಯಕತ್ವದ ಭಾರತ ತಂಡವು ಬೆಳ್ಳಿ ಗೆದ್ದಿತು. ಮುಂದೆ ಅವರು ರಾಷ್ಟ್ರೀಯ ತಂಡಕ್ಕೆ ತರಬೇತುದಾರರೂ ಆದರು. 2020ರಲ್ಲಿ ಪದ್ಮಶ್ರೀ ಸಂದಿತು. ಚೆಂಡು ಬದಲಾದರೂ ಬಯಲಿನಲ್ಲಿ ಪಳಗಿದ ಕಾಲುಗಳು ಅವೇ. ಎಳೆಯ ವಯಸ್ಸಿನಲ್ಲಿ ಆಡಿದ ಯಾವ ಆಟವೂ ವ್ಯರ್ಥವಲ್ಲವೆಂಬುದನ್ನು ತಂದೆತಾಯಿಗಳು ಮರೆಯದಿದ್ದರೆ ಸಾಕು.